ಮಸೂರಿಯಲ್ಲಿ ಕಂಡ ಕೇದಾರ

ನಾನು ಹಿಂದಿ ಕಲಿತದ್ದು ಯಾರ ಒಳ್ಳೆಯದಕ್ಕೂ ಬರಲಿಲ್ಲ. ಚನ್ನಗಿರಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, ಕಿರಾಣಿ ಅಂಗಡಿ ಇಟ್ಟಿದ್ದ ಅಪ್ಪ ಕಾಲೇಜು ಬೇಡವೆಂದರು. ಗಂಡು ಗೊತ್ತಾಗುವ ತನಕ ಹುಡುಗಿ ಸುಮ್ಮನೆ ಮನೆಯಲ್ಲಿ ಕೂತರೆ ಬಾಯಿ ಉದ್ದವಾಗುತ್ತದೆಂದು ಅವ್ವ ಹೆದರಿದಳು. ಹಾಗಾಗಿ ನಮ್ಮ ಓಣಿಯಲ್ಲೇ ಇದ್ದ ನಿವೃತ್ತ ಮೇಷ್ಟ್ರ ಹತ್ತಿರ ಮಧ್ಯಾಹ್ನದ ಹಿಂದಿ ಕ್ಲಾಸಿಗೆ ಕಳಿಸಿದರು. ಮೂರು ಪರೀಕ್ಷೆ ಪಾಸು ಮಾಡಿದೆ. ಬಾಯಿ ಉದ್ದವಾಗುವುದು ತಪ್ಪಲಿಲ್ಲ, ಎರಡು ಭಾಷೆಯಲ್ಲಿ ಉದ್ದವಾಯಿತು, ಅಷ್ಟೆ.

ಎಂಬತ್ತರ ದಶಕದ ಶುರುವಿನಲ್ಲಿ ನನ್ನನ್ನು ಹೊನ್ನಾಳಿಗೆ ಕೊಟ್ಟರು. ಮನೆಯಲ್ಲಿ ಇದ್ದದ್ದು ಮೂರೇ ಜನ. ನನ್ನ ಗಂಡ, ಅವರ ತಾಯಿ, ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಇವರದು ಪಂಪ್‌ಸೆಟ್ ರಿಪೇರಿಯ ಅಂಗಡಿ, ಜೊತೆಗೆ ಹೊಳೆಯ ಕಡೆ ಸ್ವಲ್ಪ ಗದ್ದೆ. ಅಕ್ಕಿಗೆ ಬರವಿಲ್ಲದ ಮನೆ. ಆದರೆ ಮದುವೆಯಾಗಿ ಬಂದ ಮೂರನೆಯ ದಿನ ನಾನು ಅತ್ತೆಯ ತಟ್ಟೆಗೆ ಅನ್ನ ಬಡಿಸಲು ಬಗ್ಗಿದಾಗ ಅವರು ಅಂಗೈ ಅಡ್ಡ ಹಿಡಿದರು.

"ನಾ ಅನ್ನ ಬಿಟ್ಟೀನಿ. ಯಾಕೆ, ನಿಮ್ಮವ್ವ ಹೇಳಿ ಕಳಿಸ್ಲಿಲ್ಲೇನು?"

ಅವ್ವನಿಗೆ ಗೊತ್ತಿದ್ದರೆ ತಾನೆ ಹೇಳಿ ಕಳಿಸುವುದು. ಆ ಕತೆಯನ್ನು ಅತ್ತೆಯೇ ಅವತ್ತು ಊಟ ಮಾಡುತ್ತಾ ಹೇಳಿದರು. ಆಮೇಲೆ ನೂರು ಸಲ ಹೇಳಿದರು. ಎಪ್ಪತ್ತರ ದಶಕದ ಮೊದಲಲ್ಲಿ, ಇವರು ಪಿಯುಸಿ ಓದುತ್ತಿದ್ದಾಗ, ಟೈಫಾಯ್ಡ್ ಜ್ವರ ತಲೆಗೆ ಏರಿ ಮಾತು ನಿಂತುಹೋಯಿತಂತೆ. ಆ ಹೊತ್ತಿಗೆ ಬಸ್ಸಿರಲಿಲ್ಲ. ಶಿವಮೊಗ್ಗಕ್ಕೆ ಹೊರಟಿದ್ದ ಅಕ್ಕಿ ಲಾರಿಯ ಮೂಟೆಗಳ ಮೇಲೆ ಮಗನನ್ನು ಮಲಗಿಸಿಕೊಂಡು ಹೊರಟರು. ನ್ಯಾಮತಿ ದಾಟುವವರೆಗೆ ನರಳುತ್ತಿದ್ದವರು ಸವಳಂಗದ ಹತ್ತಿರ ತಣ್ಣಗಾದರು. ಅತ್ತೆ ಕೊರಳಿನ ಲಿಂಗವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನು ಕೆಳಗಿದ್ದ ಮೂಟೆಯ ಮೇಲೆ ಊರಿ ಹೇಳಿದರು: ಇವನು ಉಳಿದರೆ ಕೇದಾರ ನೋಡುತ್ತೇನೆ, ಕೇದಾರ ನೋಡುವವರೆಗೆ ಅನ್ನ ಮುಟ್ಟುವುದಿಲ್ಲ. ಕೈಗೆ ಸಿಕ್ಕಿದ್ದು ಅಕ್ಕಿ, ಬಿಟ್ಟದ್ದೂ ಅಕ್ಕಿ. ಲಾರಿಯಲ್ಲಿ ಸಕ್ಕರೆ ಇದ್ದಿದ್ದರೆ ಸಕ್ಕರೆ ಬಿಡುತ್ತಿದ್ದರೋ ಏನೋ, ನನ್ನ ಬಾಳು ಸ್ವಲ್ಪ ಹಗುರಾಗುತ್ತಿತ್ತು.

ಮಗ ಉಳಿದ. ಕೇದಾರ ಮಾತ್ರ ದೂರವೇ ಉಳಿಯಿತು. ಮಾವ ಇರುವವರೆಗೆ "ಮುಂದಿನ ವರ್ಷ" ಎಂದರು, ಆಮೇಲೆ ಮಾವನೇ ಇರಲಿಲ್ಲ. ಅತ್ತೆಯ ತವರು ಜಗಳೂರಿನ ಕಡೆಯ ಒಂದು ಹಳ್ಳಿ. ಆ ಸೀಮೆಯಲ್ಲಿ ಆಗ ಅನ್ನವೆಂದರೆ ಹಬ್ಬದ ದಿನದ ಮಾತು, ಉಳಿದಂತೆ ಜೋಳ, ನವಣೆ. ಹೊನ್ನಾಳಿಯ ಗಂಡು ಎಂದು ಗೊತ್ತಾದಾಗ ಅವರ ಗೆಳತಿಯರು "ದಿನಾ ಅನ್ನ ಉಣ್ಣೋ ಊರಿಗೆ ಹೊಂಟಾಳೆ" ಎಂದು ಹೊಟ್ಟೆಕಿಚ್ಚು ಪಟ್ಟಿದ್ದರಂತೆ. ಅಂಥ ಹೆಂಗಸು ಕಣ್ಣೆದುರಿಗೆ ಗದ್ದೆ ಇಟ್ಟುಕೊಂಡು ಹನ್ನೆರಡು ಹದಿಮೂರು ವರ್ಷ ಅನ್ನವನ್ನು ನೋಡುತ್ತ ಕೂತರು. ಇದನ್ನೆಲ್ಲ ಈಗ ಹೇಳುವಾಗ ನನಗೆ ಅಯ್ಯೋ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಅನ್ನಿಸುವುದಕ್ಕೆ ಅವರು ಬಿಡಲೂ ಇಲ್ಲ. ನಾನು ಅವರಿಗಾಗಿ ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ತಟ್ಟಬೇಕಿತ್ತು. ತಟ್ಟಿದ ರೊಟ್ಟಿಯನ್ನು ಬಾಗಿಲ ಬೆಳಕಿಗೆ ಹಿಡಿದು ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದರು. "ಚನ್ನಗಿರಿ ಕಿರಾಣಿ ಅಂಗಡಿ ಮಗಳು. ತೂಕಕ್ಕೆ ಕಮ್ಮಿ ಆಗಬಾರದು ಅಂತ ದಪ್ಪ ತಟ್ಟೀದಾಳೆ ನೋಡ್ರಿ." ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದಿತ್ತು. ನಾನು ಅನ್ನ ಕಲಸಿಕೊಂಡು ಮೊದಲ ತುತ್ತು ಎತ್ತುವಾಗ ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತ ಹೇಳುತ್ತಿದ್ದರು.

"ಉಣ್ಣವ್ವ, ಉಣ್ಣು. ನಾ ಬಿಟ್ಟ ಅನ್ನದಾಗೆ ನಿನ್ ಗಂಡ ಬದುಕ್ಯಾನೆ."

ದಿನಾ. ಎರಡು ಹೊತ್ತು. ಆ ಮಾತು ಕೇಳಿಕೊಂಡು ನುಂಗಿದ ಅನ್ನ ಮೈಗೆ ಹತ್ತುತ್ತದೆಯೇ? ನನ್ನ ತಾಳಿಗೂ ಅವರೇ ವಾರಸುದಾರರು, ನನ್ನ ತುತ್ತಿಗೂ ಅವರೇ. ಒಮ್ಮೆ ನಾನೂ ರೊಟ್ಟಿಯನ್ನೇ ತಿನ್ನಲು ಕೂತೆ. "ಯಾಕೆ, ನೀನೇನು ಹೆತ್ತಿದ್ಯೇನು ಅವನ್ನ?" ಎಂದು ಕೇಳಿದರು. ಇವರು ಅಲ್ಲೇ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಅವ್ವ ಮತ್ತು ಹೆಂಡತಿಯ ನಡುವೆ ಇವರ ಕಿವಿ ಯಾವಾಗಲೂ ಪಂಪ್‌ಸೆಟ್ಟಿನ ಸದ್ದು ಕೇಳಿ ಮಂದವಾದ ಕಿವಿಯೇ.

ಹೀಗಿರುವಾಗ ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ನ್ಯಾಮತಿಯ ಒಬ್ಬ ಮ್ಯಾನೇಜರು ಉತ್ತರ ಭಾರತ ಯಾತ್ರೆಯ ಬಸ್ಸು ಹೊರಡಿಸಿದ. ಅವನ ಹ್ಯಾಂಡ್‌ಬಿಲ್ಲು ಇವರ ಅಂಗಡಿಗೂ ಬಂತು. ಕಾಶಿ, ಪ್ರಯಾಗ, ಹರಿದ್ವಾರ ಎಂದು ದಪ್ಪ ಅಕ್ಷರದಲ್ಲಿ ಬರೆದು ಕೊನೆಗೆ "ಕೇದಾರ ದರ್ಶನ" ಎಂದಿತ್ತು. ಅತ್ತೆ ಆ ಹಾಳೆಯನ್ನು ಮಡಿಸಿ ವಿಭೂತಿ ಗಟ್ಟಿಯ ಜೊತೆ ಇಟ್ಟುಕೊಂಡರು. ಬಸ್ಸಿನಲ್ಲಿ ಅಡುಗೆಯವನಿದ್ದ, ಆದರೆ ಅವನು ಮಾಡುವುದು ಅನ್ನ ಸಾರು. ದಾರಿಯ ಹೋಟೆಲಿನ ಚಪಾತಿಯನ್ನು ಅತ್ತೆ ಮುಟ್ಟುವವರಲ್ಲ. ಹೊರಡುವ ಮುಂಚೆ ನಾನು ಒಂದು ವಾರ ಒಲೆ ಮುಂದೆ ಕೂತು, ಏಪ್ರಿಲ್ ತಿಂಗಳ ಸೆಕೆಯಲ್ಲಿ, ಒಂದು ಡಬ್ಬದ ತುಂಬ ಖಡಕ್ ರೊಟ್ಟಿ ಮಾಡಿದೆ. ಕೈ ಬೊಬ್ಬೆ ಬಂತು. ಇದು ಕೊನೇ ರೊಟ್ಟಿ, ಇದು ಕೊನೇ ರೊಟ್ಟಿ ಎಂದು ಹೇಳಿಕೊಂಡೇ ತಟ್ಟಿದೆ. ಕೇದಾರ ನೋಡುವ ಆಸೆ ಅತ್ತೆಗಿಂತ ನನಗೇ ಹೆಚ್ಚಿತ್ತು ಎಂದರೆ ಸುಳ್ಳಲ್ಲ.

ಹರಿದ್ವಾರದಲ್ಲಿ ಗುಟ್ಟು ರಟ್ಟಾಯಿತು. ಗಂಗೆಯಲ್ಲಿ ಮುಳುಗಿ ಎದ್ದು ಒದ್ದೆ ಸೀರೆಯಲ್ಲೇ ಅತ್ತೆ ಮ್ಯಾನೇಜರನನ್ನು ಕೇಳಿದರು, ಕೇದಾರಕ್ಕೆ ಯಾವಾಗ ಹೊರಡುವುದು ಎಂದು. ಅವನು ತಲೆ ಕೆರೆದುಕೊಂಡು ಹ್ಯಾಂಡ್‌ಬಿಲ್ಲನ್ನು ತೋರಿಸಿದ. "ಕೇದಾರ ದರ್ಶನ" ಎಂಬುದರ ಕೆಳಗೆ ಇರುವೆ ಕಾಲಿನಂಥ ಅಕ್ಷರದಲ್ಲಿ "ದೂರದಿಂದ" ಎಂದಿತ್ತು. ನಾನು ಅದನ್ನು ಓದಿ ಹೇಳಿದಾಗ ಅತ್ತೆ ಘಾಟಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೇದಾರಕ್ಕೆ ಹೋಗಲು ಇನ್ನೂ ದಿನಗಟ್ಟಲೆ ಬೇಕು, ಮೇಲೆ ಹತ್ತು ಹದಿನೈದು ಕಿಲೋಮೀಟರು ನಡೆಯಬೇಕು, ಅವರ ಮಂಡಿಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟ.

"ದಿಗಿಲು ಬೀಳಬ್ಯಾಡ್ರಿ ಅಮ್ಮಾರೆ," ಎಂದ ಮ್ಯಾನೇಜರು. "ನಾಳೆ ಮಸೂರಿಗೆ ಹೋಗ್ತೀವಲ್ಲ, ಅಲ್ಲಿ ಹಗ್ಗದ ಮ್ಯಾಲೆ ಹೋಗೋ ತೊಟ್ಲು ಐತೆ. ಅದರಾಗೆ ಕುಂತು ಗುಡ್ಡದ ತುದಿಗೆ ಹೋದ್ರೆ ಹಿಮದ ಬೆಟ್ಟ ಎಲ್ಲಾ ಕಾಣ್ತಾವೆ. ಕೇದಾರನೂ ಕಾಣ್ತೈತೆ. ದರ್ಶನ ಅಂದ್ರೆ ನೋಡೋದು ತಾನೆ?"

ಅತ್ತೆ ಅವತ್ತು ಮಧ್ಯಾಹ್ನವೆಲ್ಲ ಆ ಹ್ಯಾಂಡ್‌ಬಿಲ್ಲನ್ನು ಬಿಚ್ಚುತ್ತ ಮಡಿಸುತ್ತ ಕೂತಿದ್ದರು. ಸಂಜೆ ಧರ್ಮಶಾಲೆಯಲ್ಲಿ ನನ್ನ ಪಕ್ಕ ಬಂದು ಕೂತರು. ಅವರು ತಾವಾಗಿ ನನ್ನ ಪಕ್ಕ ಬಂದು ಕೂತದ್ದು ಅದೇ ಮೊದಲು.

"ಲಾರಿ ಮ್ಯಾಲೆ ನಾ ಏನಂತ ಕೇಳ್ಕಂಡಿದ್ದೆ? ಕೇದಾರ ನೋಡ್ತೀನಿ ಅಂತ. ಹೋಗ್ತೀನಿ ಅಂದಿಲ್ಲ. ನೋಡಿದ್ರೆ ಸಾಲ್ತೈತಲ್ಲೇ?"

"ಸಾಲ್ತೈತೆ ಬಿಡಿ ಅತ್ತೆ," ಎಂದೆ. ದೇವರ ಜೊತೆ ಆಡಿದ ಮಾತನ್ನು ಅವರು ಕರಾರು ಪತ್ರದ ಸಾಲು ಓದಿದ ಹಾಗೆ ಓದುತ್ತಿದ್ದರು. ನನಗೆ ಒಳಗೇ ನಗು.

ಮಸೂರಿಯಲ್ಲೂ ಬಿಸಿಲಿತ್ತು, ಹರಿದ್ವಾರದ ಹಾಗೆ ಸುಡುತ್ತಿರಲಿಲ್ಲ. ಬಸ್ಸು ತಲುಪಿದಾಗ ಹನ್ನೊಂದು ಗಂಟೆ. ಮೂರಕ್ಕೆ ಹೊರಟು ದೆಹಲಿ ದಾರಿ ಹಿಡಿಯುವುದೆಂದು ಮ್ಯಾನೇಜರು ಕೂಗಿ ಹೇಳಿದ. ಪೇಟೆಯ ಬೀದಿಯ ನಡುವಿನಿಂದಲೇ ಗುಡ್ಡದ ತುದಿಗೆ ಎರಡು ಹಗ್ಗ ಎಳೆದಿದ್ದರು. ಒಂದು ಡಬ್ಬಿ ಮೇಲೆ ಹೋದರೆ ಇನ್ನೊಂದು ಡಬ್ಬಿ ಕೆಳಗೆ ಬರುತ್ತಿತ್ತು. ಪಂಪ್‌ಸೆಟ್ಟು ಬಿಚ್ಚಿ ಜೋಡಿಸುವ ನನ್ನ ಗಂಡ ಆ ಹಗ್ಗವನ್ನು ಒಂದು ನಿಮಿಷ ನೋಡಿ, "ನನಗೆ ತಲೆ ಸುತ್ತು ಬರ್ತೈತೆ, ನೀವಿಬ್ರೂ ಹೋಗಿ ಬರ್‍ರಿ" ಎಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕೂತರು. ಯಾರ ಜೀವಕ್ಕಾಗಿ ಇಷ್ಟೆಲ್ಲ ನಡೆಯುತ್ತಿತ್ತೋ ಅವರು ಕೆಳಗೆ ಬಿಸ್ಕತ್ತು ಅದ್ದಿಕೊಂಡು ಚಹಾ ಕುಡಿದರು.

ಸರದಿ ಬರುವ ಹೊತ್ತಿಗೆ ಅತ್ತೆ ಚಪ್ಪಲಿ ಬಿಟ್ಟುಬಿಟ್ಟರು. ದೇವರ ದರ್ಶನಕ್ಕೆ ಹೋಗುವಾಗ ಮೆಟ್ಟು ಹಾಕಿಕೊಂಡು ಹೋಗುವುದೇ? ಡಬ್ಬಿಯ ನೆಲದ ತಗಡು ಬಿಸಿಲಿಗೆ ಕಾದ ಹೆಂಚಾಗಿತ್ತು. ಅವರು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಇಟ್ಟುಕೊಂಡು, ಕಂಬಿ ಹಿಡಿದು, ಕಣ್ಣು ಮುಚ್ಚಿ ಶಿವಶಿವ ಎನ್ನುತ್ತಿದ್ದರು. ಅರ್ಧ ದಾರಿಯಲ್ಲಿ ಡಬ್ಬಿ ಒಮ್ಮೆ ತೂಗಿತು. ಕೆಳಗೆ ದೇವದಾರು ಮರಗಳ ತಲೆ.

"ಯಾಕೇ ನಿಂತಿತು?"

"ಹಗ್ಗ ಸವೆದಿರಬೇಕು," ಎಂದೆ. ನಿಂತಿರಲೂ ಇಲ್ಲ, ಹಗ್ಗಕ್ಕೆ ಏನೂ ಆಗಿರಲಿಲ್ಲ. ಅವರು ನನ್ನ ಸೆರಗನ್ನು ಹಿಡಿದುಕೊಂಡರು. ಮನೆಯಲ್ಲಿ ನನ್ನನ್ನು ಹುರಿದು ತಿನ್ನುವ ಹೆಂಗಸು ನನ್ನ ಸೆರಗು ಹಿಡಿದು ನಡುಗುವುದನ್ನು ನೋಡಿ ನನಗೆ ಹಬ್ಬವೇ ಆಯಿತು. ಅದನ್ನು ಮುಚ್ಚಿಡುವುದು ಯಾಕೆ?

ಮೇಲೆ ತಲುಪಿದೆವು. ಫೋಟೋ ತೆಗೆಯುವವರು, ಜೋಳದ ತೆನೆ ಸುಡುವವರು, ಬಾಡಿಗೆಯ ಗುಡ್ಡಗಾಡು ಉಡುಪು ಹಾಕಿಕೊಂಡು ನಗುತ್ತಿದ್ದ ಹೊಸ ಮದುಮಕ್ಕಳು. ಉತ್ತರಕ್ಕೆ ಕಂಬಿ ಹಾಕಿದ್ದ ಅಂಚಿನಲ್ಲಿ ಒಬ್ಬ ಮುದುಕ ಮೂರು ಕಾಲಿನ ದುರ್ಬೀನು ನಿಲ್ಲಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಅವನ ಆಚೆಗೆ ಏನೂ ಇರಲಿಲ್ಲ. ಎರಡು ಹಸಿರು ಗುಡ್ಡ, ಅದರ ಹಿಂದೆ ಒಂದು ನೀಲಿ ಗುಡ್ಡ, ಅದರ ಹಿಂದೆ ಬೇಸಿಗೆಯ ಮಬ್ಬು. ಹಿಟ್ಟು ಜರಡಿ ಹಿಡಿದಾಗ ಏಳುವ ಧೂಳಿನಂತೆ ಆಕಾಶದ ಆ ಕಡೆಯೆಲ್ಲ ಬೆಳ್ಳಗೆ ಮುಚ್ಚಿಕೊಂಡಿತ್ತು.

"ಎಲ್ಲೈತೆ?" ಎಂದರು ಅತ್ತೆ. "ಕೇಳೇ ಅವನ್ನ. ನಿಂಗೆ ಅವರ ಭಾಷೆ ಬರ್ತೈತಲ್ಲ."

ನಾನು ಕೇಳಿದೆ. ಮುದುಕ ಒಳ್ಳೆಯವನು. ದುರ್ಬೀನಿನ ಬಾಡಿಗೆಯ ಆಸೆಗೆ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಈ ತಿಂಗಳಲ್ಲಿ ಹೊತ್ತು ಏರಿದ ಮೇಲೆ ಏನೂ ಕಾಣುವುದಿಲ್ಲ ಮಗಳೇ, ಎಂದ. ಬೆಳಿಗ್ಗೆ ಐದಕ್ಕೆ ಬಂದರೆ ಸಾಲು ಸಾಲು ಹಿಮಬೆಟ್ಟ ಕಾಣುತ್ತವೆ, ನಿನ್ನೆ ಮೊನ್ನೆಯೆಲ್ಲ ಚೆನ್ನಾಗಿ ಕಂಡಿವೆ, ನಾಳೆ ಬೆಳಿಗ್ಗೆ ಮಾತಾಜಿಯನ್ನು ಕರೆದುಕೊಂಡು ಬಾ, ಡಬ್ಬಿ ಓಡುವುದಿಲ್ಲ, ಆದರೆ ಕುದುರೆಯ ಮೇಲೆ ಕೂರಿಸಿ ತರಬಹುದು, ನಾನೇ ತೋರಿಸುತ್ತೇನೆ.

"ಏನಂತಾನೆ?"

ಒಂದು ರಾತ್ರಿ ಉಳಿದಿದ್ದರೆ ಆಗುತ್ತಿತ್ತು. ಕೆಳಗೆ ಚಹಾ ಕುಡಿಯುತ್ತಿದ್ದವರಿಗೆ ಒಂದು ಮಾತು ಹೇಳಿದ್ದರೆ ಇಲ್ಲವೆನ್ನುತ್ತಿರಲಿಲ್ಲ. ಬಸ್ಸು ಹೋದರೆ ರೈಲು ಹಿಡಿದು ದೆಹಲಿಯಲ್ಲಿ ಕೂಡಿಕೊಳ್ಳಬಹುದಿತ್ತು. ಇದೆಲ್ಲ ನನಗೆ ಆಗಲೇ ಹೊಳೆದಿತ್ತು, ಆಮೇಲೆ ಹೊಳೆದದ್ದಲ್ಲ. ಆದರೆ ನನ್ನ ಕಣ್ಣ ಮುಂದೆ ನಿಂತದ್ದು ಬೊಬ್ಬೆ ಎದ್ದ ನನ್ನ ಕೈ. ನಾಳೆ ಬೆಳಿಗ್ಗೆಯೂ ಮಬ್ಬಿದ್ದರೆ? ಮತ್ತೆ ಊರಿಗೆ ಹೋಗಿ ರೊಟ್ಟಿ ತಟ್ಟುತ್ತಾ, "ನಾ ಬಿಟ್ಟ ಅನ್ನದಾಗೆ" ಎಂದು ಕೇಳುತ್ತಾ ಮುದುಕಿಯಾಗುವುದೇ? ಅಷ್ಟಲ್ಲದೆ, ಈ ಹೆಂಗಸಿಗಾಗಿ ನಾನು ಯಾಕೆ ಒಂದು ರಾತ್ರಿ ಕೇಳಿಕೊಳ್ಳಬೇಕು ಎಂಬ ಹಟವೂ ಇತ್ತು. ಹಟವೇ ಹೆಚ್ಚಿತ್ತು.

ಮಬ್ಬಿನ ಮೇಲ್ಗಡೆ ಒಂದು ಮೋಡದ ತುಂಡು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಬೆರಳು ತೋರಿಸಿದೆ.

"ಅದೇ ಕೇದಾರ ಅಂತಾನೆ."

ಅತ್ತೆ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು. ಅವರಿಗೆ ಕಂಡಿತು. ಕಾಣದೆ ಏನು, ಬೆಳ್ಳಗೆ ಇತ್ತಲ್ಲ. ಕೊರಳಿನ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿ ಇಟ್ಟುಕೊಂಡರು. ಸೊಂಟದ ಚೀಲದಿಂದ ವಿಭೂತಿ ತೆಗೆದು ಹಚ್ಚಿದರು, ಊರಿನಿಂದ ಒಣಗಿಸಿ ತಂದಿದ್ದ ಬಿಲ್ವದ ಎಲೆ ಏರಿಸಿದರು. ತೆನೆ ತಿನ್ನುವವರು, ಫೋಟೋದವರು ಎಲ್ಲರೂ ತಿರುಗಿ ನೋಡುತ್ತಿದ್ದ ಹಾಗೇ ಆ ಕಲ್ಲು ನೆಲದ ಮೇಲೆ ಮಂಡಿ ಊರಿ, ಉದ್ದಕ್ಕೆ ಮಲಗಿ ಮೋಡಕ್ಕೆ ಅಡ್ಡಬಿದ್ದರು. ಎದ್ದು ಮತ್ತೆ ನೋಡಿದರು.

"ಅಲುಗಾಡಿದಂಗೆ ಕಾಣ್ತೈತಲ್ಲೇ?"

"ಕಣ್ಣಾಗೆ ನೀರು ತುಂಬೈತಲ್ಲ ಅತ್ತೆ, ಅದಕ್ಕೆ."

ಮುದುಕ ನನ್ನನ್ನು ಕೇಳಿದ, ಮಾತಾಜಿ ಯಾವುದಕ್ಕೆ ಕೈ ಮುಗಿಯುತ್ತಿದ್ದಾರೆ ಎಂದು. ಅವರಿಗೆ ಕಾಣುತ್ತಿದೆಯಂತೆ, ಎಂದೆ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ತನ್ನ ದುರ್ಬೀನಿನ ಗಾಜು ಒರೆಸಲು ತೊಡಗಿದ. ನಾನು ಬೇರೆ ಕಡೆ ತಿರುಗಿದೆ.

ಕೆಳಗೆ ಬಸ್ಸಿನ ಪಕ್ಕ ಅಡುಗೆಯವನು ಬೆಳಗಿನ ಅನ್ನ ಸಾರು ಬಡಿಸುತ್ತಿದ್ದ. ಅತ್ತೆ ನೇರ ಹೋಗಿ ತಟ್ಟೆ ಹಿಡಿದರು. ಇವರು ಚಹಾ ಅಂಗಡಿಯಿಂದ ಓಡಿ ಬಂದರು. ತಾಯಿಯ ತಟ್ಟೆಯಲ್ಲಿ ಅನ್ನ ನೋಡಿ ಇವರ ಕಣ್ಣಲ್ಲಿ ನೀರು. ಅತ್ತೆ ಮೊದಲ ತುತ್ತನ್ನು ಮಗನ ಬಾಯಿಗೆ ಇಟ್ಟು, ಎರಡನೆಯದನ್ನು ತಾವು ಬಾಯಿಗೆ ಹಾಕಿಕೊಂಡು, ಜಗಿಯದೆ ಸುಮಾರು ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಬಸ್ಸಿನವರೆಲ್ಲ ಹರಹರ ಎಂದು ಕೂಗಿದರು. ನಾನೂ ಕೂಗಿದೆ. ಉಳಿದ ರೊಟ್ಟಿಯ ಡಬ್ಬವನ್ನು ದೆಹಲಿಯ ದಾರಿಯಲ್ಲಿ ಯಾವುದೋ ಎಮ್ಮೆಗಳ ಮುಂದೆ ಸುರಿದೆ.

ಊರಿಗೆ ಬಂದ ಮೇಲೆ ಅತ್ತೆ ಬದಲಾದಾರು ಎಂದುಕೊಂಡಿದ್ದೆ. ನಾಯಿ ಬಾಲ ಡೊಂಕೇ. ಮೊದಲು ಅನ್ನ ಬಿಟ್ಟವರೆಂಬ ಜಂಬವಿತ್ತು, ಈಗ ಕೇದಾರ ನೋಡಿದವರೆಂಬ ಜಂಬ. ಓಣಿಯ ಹೆಂಗಸರು ಬಂದು ಕಾಲು ಮುಟ್ಟುತ್ತಿದ್ದರು. ಹೇಳುತ್ತ ಹೇಳುತ್ತ ಆ ಬಿಳಿ ಗುಡ್ಡಕ್ಕೆ ಗೋಪುರ ಬಂತು, ಗೋಪುರಕ್ಕೆ ಕಳಸ ಬಂತು, ಆರು ತಿಂಗಳಾಗುವಷ್ಟರಲ್ಲಿ ಗಂಟೆಯೂ ಕೇಳಿಸಿತು. ನಾನು ಒಳಗೆ ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಗುಟ್ಟೊಂದು ಕೈಯಲ್ಲಿದ್ದರೆ ಬೈಗುಳ ಅಷ್ಟಾಗಿ ನಾಟುವುದಿಲ್ಲ.

ಮಾರನೇ ಬೇಸಿಗೆಯಲ್ಲಿ ಅಪ್ಪ ಚನ್ನಗಿರಿಯಿಂದ ನನ್ನನ್ನು ನೋಡಲು ಬಂದರು. ಆಗಲೇ ಅವರಿಗೆ ದಮ್ಮು ಹೆಚ್ಚಾಗಿತ್ತು, ಕೈ ನಡುಗುತ್ತಿತ್ತು. ಊಟಕ್ಕೆ ಕೂತಾಗ ಪಕ್ಕದ ಮನೆಯ ಇಬ್ಬರು ಹೆಂಗಸರೂ ಪಡಸಾಲೆಯಲ್ಲಿ ಕೂತಿದ್ದರು. ಅಪ್ಪ ಸಾರಿನ ಅನ್ನ ಎತ್ತುವಾಗ ಅರ್ಧ ಅಂಗಿಯ ಮೇಲೆ ಬಿತ್ತು.

"ಶಿವನೇ," ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. "ಕೇದಾರ ನೋಡಿದ ಕಣ್ಣಾಗೆ ಇಂಥದ್ದೂ ನೋಡಬೇಕಾತಲ್ಲಪ್ಪ."

ಹೆಂಗಸರು ನಕ್ಕರು. ಅಪ್ಪನೂ ನಕ್ಕರು. ನಗುತ್ತ ಕಲೆಯ ಮೇಲೆ ಟವೆಲ್ಲು ಮುಚ್ಚಿಕೊಂಡು, ತಟ್ಟೆಯಲ್ಲಿದ್ದದ್ದನ್ನು ಹಾಗೇ ಬಿಟ್ಟು, ಮೂರು ಗಂಟೆಯ ಬಸ್ಸಿದೆ ಎಂದು ಎದ್ದರು. ನಾನು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಸಿ ಬಂದೆ. ಅಪ್ಪ ಕಿಟಕಿಯಿಂದ "ಹಿರೇರು, ಏನೋ ಅಂತಾರೆ, ಮನಸಿಗೆ ಹಚ್ಕಬ್ಯಾಡ" ಎಂದರು. ಆ ಮಾತು ಅವರು ಹೇಳದಿದ್ದರೆ ನಾನು ಹಚ್ಚಿಕೊಳ್ಳುತ್ತಿರಲಿಲ್ಲವೋ ಏನೋ.

ವಾಪಸು ಬಂದಾಗ ಅತ್ತೆ ಒಬ್ಬರೇ ಅಡುಗೆ ಮನೆಯಲ್ಲಿ ತಡವಾಗಿ ಊಟಕ್ಕೆ ಕೂತಿದ್ದರು. ಮೊಸರನ್ನ. ನಾನು ಬಾಗಿಲಲ್ಲೇ ನಿಂತೆ. ಅವರು ತುತ್ತು ಬಾಯಿಗೆ ಹಾಕಿಕೊಳ್ಳುವುದನ್ನು ಕಾದೆ.

"ಅತ್ತೆ, ನೀವು ಮಸೂರಿಯಾಗೆ ನೋಡಿದ್ದು ಮೋಡ."

ಅವರಿಗೆ ಮೊದಲು ತಿಳಿಯಲಿಲ್ಲ. ಬಿಡಿಸಿ ಹೇಳಿದೆ. ಮುದುಕ ಏನು ಹೇಳಿದ, ನಾನು ಏನು ಹೇಳಿದೆ, ಬೆಳಿಗ್ಗೆ ಐದಕ್ಕೆ ಬಂದಿದ್ದರೆ ಕಾಣುತ್ತಿತ್ತು ಎಂಬುದನ್ನೂ ಬಿಡಲಿಲ್ಲ. ಸೌಟಿನಲ್ಲಿ ಬಡಿಸಿದ ಹಾಗೆ ಒಂದೊಂದಾಗಿ ಬಡಿಸಿದೆ. ಅವರು ಕಿರುಚಾಡುತ್ತಾರೆ, ಕೂದಲು ಹಿಡಿಯುತ್ತಾರೆ, ಮಗನಿಗೆ ಹೇಳಿ ನನ್ನನ್ನು ತವರಿಗೆ ಅಟ್ಟುತ್ತಾರೆ ಎಂದು ಲೆಕ್ಕ ಹಾಕಿಯೇ ನಿಂತಿದ್ದೆ. ಅವರು ಬಾಯಲ್ಲಿದ್ದ ತುತ್ತನ್ನು ಎರಡು ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ನೀರು ಮುಕ್ಕಳಿಸಿದರು. ಬೆರಳು ಹಾಕಿ ಹಲ್ಲಿನ ಸಂದಿಯನ್ನೆಲ್ಲ ತೊಳೆದುಕೊಂಡರು. ಆಮೇಲೆ ನನ್ನ ಕಡೆ ನೋಡದೆ ಒಂದೇ ಮಾತು ಹೇಳಿದರು.

"ಅವನಿಗೆ ಹೇಳಬ್ಯಾಡ. ಹೆದರ್ತಾನೆ."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವತ್ತು ಸಂಜೆಯಿಂದ ಮತ್ತೆ ರೊಟ್ಟಿ. ಇವರು ಯಾಕವ್ವ ಎಂದು ಕೇಳಿದರೆ, ಅನ್ನ ಮೈಗೆ ಒಗ್ಗುತ್ತಿಲ್ಲ ಎಂದರು. ಆದರೆ ಈ ಸಲ ರೊಟ್ಟಿ ಬೆಳಕಿಗೆ ಹಿಡಿಯಲಿಲ್ಲ, ದಪ್ಪ ಎನ್ನಲಿಲ್ಲ, ನನ್ನ ತುತ್ತು ನೋಡಲಿಲ್ಲ. ಕೇದಾರದ ಕತೆ ಕೇಳಲು ಯಾರಾದರೂ ಬಂದರೆ ತಲೆನೋವೆಂದು ಒಳಗೆ ಹೋಗುತ್ತಿದ್ದರು. ಒಂದು ವರ್ಷ ಯೋಚಿಸಿ ಯೋಚಿಸಿ ಮಗನನ್ನು ಕೇಳಿದರು, ಇನ್ನೊಂದು ಸಲ ಆ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೀಯಾ ಎಂದು. ಇವರು ನಕ್ಕರು. "ಒಮ್ಮೆ ನೋಡಿದ್ಯಲ್ಲವ್ವ, ಇನ್ನೆಷ್ಟು ಸಲ ನೋಡ್ತೀಯ?" ಯಾಕೆ ಎಂದು ಹೇಳಲು ಅವರಿಗೆ ಬಾಯಿರಲಿಲ್ಲ. ನಾನು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಒಂದು ಮಾತು ನಾನು ಆಡಬಹುದಿತ್ತು. ಆಡಿದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಕಾಯಿ ಬಿಡಿಸಿದೆ.

ಆ ವರ್ಷ ಇವರು ಮೋಟಾರ್ ಸೈಕಲ್ ಕೊಂಡಿದ್ದರು. ಹಳ್ಳಿಗಳಿಗೆ ರಿಪೇರಿಗೆ ಹೋಗುತ್ತಿದ್ದರು. ದಿನಾ ಐದು ಗಂಟೆಗೆ ಅತ್ತೆ ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ಗಾಡಿಯ ಸದ್ದು ಕೇಳುವವರೆಗೆ ಕೂರುತ್ತಿರಲಿಲ್ಲ. ಇವರು ಒಂದು ಸಲ ಕೆಮ್ಮಿದರೆ ಅವರ ಮುಖ ಸುಣ್ಣವಾಗುತ್ತಿತ್ತು. ತಾನು ಉಂಡ ಒಂದು ವರ್ಷದ ಅನ್ನ ಮಗನ ಆಯಸ್ಸಿನಲ್ಲಿ ಕಳೆಯುತ್ತದೆಂದು ಅವರು ನಂಬಿದ್ದರು. ನಾನು ನಂಬಿರಲಿಲ್ಲ. ಓದಿದವಳು ನಾನು, ಇಂಥದ್ದನ್ನೆಲ್ಲ ನಂಬುವವಳಲ್ಲ. ಕೆಲವೊಮ್ಮೆ, ಹೊಟ್ಟೆಯಲ್ಲಿ ಹಳೆಯ ಕಿಚ್ಚು ಎದ್ದ ದಿನ, "ಇವತ್ತು ಯಾಕೋ ತುಂಬಾ ತಡ ಆತು" ಎಂದು ಅವರ ಬೆನ್ನಿಗೆ ಕೇಳುವ ಹಾಗೆ ಹೇಳಿ ಒಳಗೆ ಹೋಗುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ಮಲಗಿದರು. ಕಾಮಾಲೆಯೆಂದು ಶುರುವಾಗಿ ಎಲ್ಲೆಲ್ಲಿಗೋ ಹೋಯಿತು. ಅಗಿಯಲು ಬಲವಿಲ್ಲ, ರೊಟ್ಟಿಯನ್ನು ಹಾಲಲ್ಲಿ ನೆನೆಸಿದರೂ ಇಳಿಯದು. ರಾಗಿ ಗಂಜಿ ಕುಡಿಸಿದರೆ ವಾಂತಿ. ಅಕ್ಕಿ ನುಚ್ಚಿನ ತೆಳು ಗಂಜಿ ಮಾತ್ರ ಹೊಟ್ಟೆಯಲ್ಲಿ ನಿಲ್ಲಬಹುದು, ಅದನ್ನೂ ಕುಡಿಯದಿದ್ದರೆ ನಾಲ್ಕು ದಿನ ಎಂದರು ಡಾಕ್ಟರು. ಅಕ್ಕಿ ಎಂಬ ಮಾತು ಕೇಳಿ ಅತ್ತೆ ತುಟಿ ಬಿಗಿದರು. ಇವರು ಬೇಡಿಕೊಂಡರು, ಬೈದರು, ಅತ್ತರು. ಅವರು ಬಾಯಿ ಬಿಡಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ನಾನು ಗಂಜಿಯ ಬಟ್ಟಲು ಹಿಡಿದು ಹಾಸಿಗೆಯ ಪಕ್ಕ ಕೂತೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಇವರು ಹಿತ್ತಲಲ್ಲಿದ್ದರು. ಅವರ ಮುಂಗೈ ಒಣ ಕಡ್ಡಿಯಾಗಿತ್ತು. ನನಗೆ ಅವರು ಬದುಕಬೇಕು ಅನ್ನಿಸಿತು. ಪ್ರೀತಿಯಿಂದ ಎಂದು ಹೇಳಲಾರೆ. ನನ್ನ ಮಾತಿನಿಂದ ಒಬ್ಬರು ಹಸಿದು ಸಾಯುವುದು ನನಗೆ ಬೇಡವಾಗಿತ್ತು.

"ಅತ್ತೆ, ಅವತ್ತು ಅಪ್ಪನ್ನ ಅಂದಿದ್ದಕ್ಕೆ ಸಿಟ್ಟಿನಾಗೆ ಹಂಗೆ ಹೇಳಿಬಿಟ್ಟೆ. ಸುಳ್ಳು ಹೇಳ್ದೆ. ನೀವು ನೋಡಿದ್ದು ಕೇದಾರನೇ. ಆ ಮುದುಕನೇ ತೋರಿಸಿದ್ದು. ಗಂಜಿ ಕುಡೀರಿ."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಆ ಹಳದಿ ಕಣ್ಣಲ್ಲಿ ಆಸೆ ಹುಟ್ಟಿದ್ದನ್ನು ನಾನು ಕಂಡೆ. ಬಟ್ಟಲನ್ನು ನೋಡಿದರು. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡರು. ಆಮೇಲೆ ಇದ್ದ ಬಲವನ್ನೆಲ್ಲ ಹಾಕಿ ಮಗನನ್ನು ಕೂಗಿದರು. ಇವರು ಕೈ ಒರೆಸಿಕೊಳ್ಳುತ್ತ ಓಡಿ ಬಂದರು.

"ತಲೆ ಬಗ್ಸಪ್ಪ ಇಲ್ಲಿ."

ತಾಯಿ ಕೊನೆಯ ಆಶೀರ್ವಾದ ಮಾಡುತ್ತಾರೆಂದುಕೊಂಡು ಇವರು ನೆಲದ ಮೇಲೆ ಮಂಡಿಯೂರಿ ತಲೆ ಬಗ್ಗಿಸಿದರು. ನಡುನೆತ್ತಿಯಲ್ಲಿ ಕೂದಲು ತೆಳ್ಳಗಾಗಲು ಶುರುವಾಗಿತ್ತು, ಅಲ್ಲಿ ಸ್ವಲ್ಪ ಗ್ರೀಸು ಮೆತ್ತಿತ್ತು. ಅತ್ತೆ ತಮ್ಮ ಕೈ ಎತ್ತಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಇವನ ತಲೆ ಮ್ಯಾಲೆ ಕೈ ಇಟ್ಟು ಹೇಳು. ಈಗ ಅಂದ್ಯಲ್ಲ, ಅದನ್ನೇ."

ಕೈ ಇಟ್ಟು ನಾಲ್ಕು ಮಾತು ಹೇಳಿದ್ದರೆ ಅವರು ಗಂಜಿ ಕುಡಿಯುತ್ತಿದ್ದರು. ಆಣೆ ಪ್ರಮಾಣ ನಂಬದ ನನಗೆ ಅದರಲ್ಲಿ ಏನು ಕಷ್ಟ? ಬಲಗೈ ಖಾಲಿಯೇ ಇತ್ತು, ಇವರ ತಲೆ ಗೇಣು ದೂರದಲ್ಲಿತ್ತು. ನಾನು ಕೈಯನ್ನು ಎತ್ತಲು ನೋಡಿದೆ. ಎತ್ತಲಿಲ್ಲ.

"ಏನು ಹೇಳಬೇಕಂತೆ?" ಎಂದು ಇವರು ತಲೆ ಬಗ್ಗಿಸಿಕೊಂಡೇ ಕೇಳಿದರು. "ಹೇಳಿಬಿಡೇ, ಅವ್ವ ಕಾಯ್ತಾಳೆ."

ಗಂಜಿಯ ಮೇಲೆ ಕೆನೆ ಕಟ್ಟುವಷ್ಟು ಹೊತ್ತು ಅತ್ತೆ ನನ್ನ ಕೈಯನ್ನು ನೋಡಿದರು.

"ಸಾಕು, ತಲೆ ಎತ್ತಪ್ಪ," ಎಂದರು ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿ, ಚುಚ್ಚು ಕೊಂಕು ಯಾವುದೂ ಇಲ್ಲದ ದನಿಯಲ್ಲಿ ಹೇಳಿದರು, "ಗಂಜಿ ದನಕ್ಕೆ ಹಾಕವ್ವ."